ತಪ್ಪು ಹುಡುಕುವ ಓದುಗರು

(ಹಾವೇರಿ ಜಿಲ್ಲೆಯ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರ ಮೇಲ್ವಿಚಾರಕಿಯ ದಿನಚರಿಯಿಂದ ಕೆಲವು ಪುಟಗಳು)

5 ಜೂನ್ 2025, ಗುರುವಾರ

ಬಾಗಿಲು ತೆಗೆಯುವ ಹೊತ್ತಿಗೆ ಐದಾರು ಹುಡುಗರು ಕಟ್ಟೆಯ ಮೇಲೆ ಕೂತಿದ್ದರು. ಪಿಯುಸಿ, ಐಟಿಐ ಓದುವವರು. ಪೇಪರ್ ಮೇಜಿನ ಕಡೆ ಇವರು ಮುಖ ಮಾಡಿದ್ದನ್ನು ನಾನು ಕಂಡಿಲ್ಲ. ಇವತ್ತು ಹುಬ್ಬಳ್ಳಿಯಿಂದ ಬಂದ ಕಟ್ಟು ಬಿಚ್ಚುವುದಕ್ಕೂ ಬಿಡಲಿಲ್ಲ. ನಿನ್ನೆ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. ಆರ್‌ಸಿಬಿ ಕಪ್ ಗೆದ್ದ ಸಂಭ್ರಮ ನೋಡಲು ಹೋದ 11 ಮಂದಿ ಸತ್ತಿದ್ದಾರೆ.

ರಾತ್ರಿಯೆಲ್ಲ ಅವರ ಮೊಬೈಲಿನಲ್ಲಿ ಅದೇ ವಿಡಿಯೋ ಓಡಿದೆ. ಒಬ್ಬೊಬ್ಬರ ಗ್ರೂಪಿನಲ್ಲಿ ಸತ್ತವರ ಲೆಕ್ಕ ಒಂದೊಂದು. ಪೇಪರಿನಲ್ಲಿ ಅವರು ಮೊದಲು ಹುಡುಕಿದ್ದು ಸತ್ತವರ ಪಟ್ಟಿ. ಹೆಸರು, ವಯಸ್ಸು, ಊರು. ಬೆರಳಿಟ್ಟು ಓದಿದರು. "ಬಾಳ ಮಂದಿ ನಮ್ಮ ವಾರಿಗಿಯವ್ರ ಅದಾರ್ರಿ ಅಕ್ಕಾರ" ಅಂದ ಒಬ್ಬ. ವಿಡಿಯೋ ಎಷ್ಟು ಸಲ ನೋಡಿದ್ದರೂ ಆ ಮಾತು ಅವನ ಬಾಯಲ್ಲಿ ಬಂದಿದ್ದು ಪಟ್ಟಿ ಓದಿದ ಮೇಲೆ.

ಹೋಗುವಾಗ ಇನ್ನೊಬ್ಬ ತಕರಾರು ತೆಗೆದ. ಮೊನ್ನೆ ರಾತ್ರಿ ಅಹಮದಾಬಾದಿನಲ್ಲಿ ಮುಗಿದ ಫೈನಲ್ ಸುದ್ದಿಯನ್ನು ಮರುದಿನದ ಪೇಪರಿನಲ್ಲಿ ನೋಡಿದರೆ ಹಳಸಲು ಅನ್ನಿಸುತ್ತದಂತೆ. ಹೌದು, ಓಟದಲ್ಲಿ ಪೇಪರ್ ಮೊಬೈಲನ್ನು ಹಿಂದೆ ಹಾಕುವುದಿಲ್ಲ. ದೂರದ ಊರುಗಳಿಗೆ ಹೋಗುವ ಆವೃತ್ತಿ ಮೊದಲು ಅಚ್ಚಾಗಿ ಗಾಡಿ ಹತ್ತಬೇಕು. ತಡರಾತ್ರಿಯ ಫಲಿತಾಂಶ ಕೆಲವೊಮ್ಮೆ ಅದರಲ್ಲಿ ಇರುವುದೇ ಇಲ್ಲ. ಇದನ್ನು ವಿವರಿಸಿದೆ. "ಹಂಗಾರ ನಮಗ ಬರೂದು ಅರ್ಧಾ ಪೇಪರ್ ಏನ್ರಿ?" ಅಂದ. ಪ್ರಶ್ನೆ ಚೆನ್ನಾಗಿದೆ.

14 ಜೂನ್, ಶನಿವಾರ

ನಮ್ಮಲ್ಲಿ ಪೇಪರ್ ಓದುವವರು ಎರಡು ತರಹ. ಒಂದು, ನಿವೃತ್ತ ಮಾಸ್ತರರು, ಗುಡಿ ಕಟ್ಟೆಯ ಹಿರಿಯರು. ಇವರು ನಿಧನ ವಾರ್ತೆಯಿಂದ ಶುರು ಮಾಡಿ ಸಂಪಾದಕೀಯಕ್ಕೆ ಬರುತ್ತಾರೆ. ಇನ್ನೊಂದು, ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ನಡೆಸಿದ ಹುಡುಗ ಹುಡುಗಿಯರು. ಧಾರವಾಡದಲ್ಲಿ ಕೋಚಿಂಗ್ ಮುಗಿಸಿ, ಅಲ್ಲಿನ ಪಿಜಿ ಬಾಡಿಗೆ ಭರಿಸಲಾಗದೆ ಊರಿಗೆ ಬಂದವರು. ಯುವಜನ ಪತ್ರಿಕೆ ಓದುವುದಿಲ್ಲ ಎಂದು ಭಾಷಣ ಮಾಡುವವರು ಇವರನ್ನು ಬಂದು ನೋಡಬೇಕು. ಆದರೆ ಅವರ ಓದೂ ಪೂರ್ತಿ ಓದಲ್ಲ. ಪ್ರಶಸ್ತಿ ಯಾರಿಗೆ, ಸೂಚ್ಯಂಕದಲ್ಲಿ ಭಾರತ ಎಷ್ಟನೆಯದು, ಯೋಜನೆ ಯಾವ ವರ್ಷದ್ದು ಎಂದು ಅಕ್ಕಿಯಲ್ಲಿ ಹರಳು ಆರಿಸಿದಂತೆ ಆರಿಸಿ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಕೆಲಸ ಸಿಕ್ಕ ದಿನ ಓದು ನಿಲ್ಲುತ್ತದೆ.

ಈ ಎರಡರ ನಡುವೆ ಇರಬೇಕಾದ ಹೈಸ್ಕೂಲು ಮಕ್ಕಳು ಮೇಜಿನ ಹತ್ತಿರ ಸುಳಿಯುವುದಿಲ್ಲ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಕಥೆ ಪುಸ್ತಕ ಒಯ್ಯುತ್ತಾರೆ, ಚೆಸ್ ಆಡುತ್ತಾರೆ. ಪೇಪರ್ ಮಾತ್ರ ದೊಡ್ಡವರದ್ದು ಎಂದು ಅವರಿಗೆ ಯಾರೋ ಹೇಳಿಕೊಟ್ಟಂತಿದೆ.

ಹೈಸ್ಕೂಲಿನ ಹೆಡ್ ಮಾಸ್ತರರಿಗೆ ಕಾಳಜಿಯಿದೆ. ದಿನಕ್ಕೆ ಐದು ಹೆಡ್ಡಿಂಗ್ ಬರೆದುಕೊಂಡು ಬನ್ನಿ ಎಂದು ಒಂಬತ್ತನೆಯ ತರಗತಿಗೆ ಹೇಳಿದ್ದರು. ಇವತ್ತು ನೋಟ್‌ಬುಕ್ ತೋರಿಸಿದರು. ಇಡೀ ತರಗತಿಯಲ್ಲಿ ಅವೇ ಐದು ಹೆಡ್ಡಿಂಗ್, ಅವೇ ಕಾಗುಣಿತ ತಪ್ಪು. ಯಾರೋ ಒಬ್ಬಳು ಬರೆದದ್ದು ಎಲ್ಲರ ಕೈ ದಾಟಿ ಬಂದಿದೆ. ಸರ್ ನಕ್ಕರು, ನಾನೂ ನಕ್ಕೆ. ಮೂರು ವಾರ ಈ ಮಕ್ಕಳನ್ನು ಶನಿವಾರ, ಭಾನುವಾರ ನನ್ನ ಕಡೆ ಕಳಿಸಿ ಎಂದು ಕೇಳಿದ್ದೇನೆ.

1 ಜುಲೈ, ಮಂಗಳವಾರ

ಪತ್ರಿಕಾ ದಿನ. ತಾಲ್ಲೂಕಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಭಾಷಣಗಳ ಸಾರ ಒಂದೇ: ಇಂದಿನ ಪೀಳಿಗೆ ಓದುತ್ತಿಲ್ಲ, ಮೊಬೈಲ್ ಹಾಳು ಮಾಡಿತು. ಸಭೆಯಲ್ಲಿ ಇಂದಿನ ಪೀಳಿಗೆಯವರು ಇದ್ದದ್ದು ನಾಡಗೀತೆ ಹಾಡಿದ ಹುಡುಗಿಯರು ಮಾತ್ರ. ಅವರೂ ಹಾಡಿ ಹೋದರು.

1843ರ ಇದೇ ದಿನ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಬಂತು ಎಂಬುದನ್ನು ಎಲ್ಲರೂ ಹೇಳಿದರು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಸಂಪಾದಕ, ಕಲ್ಲಚ್ಚಿನ ಮುದ್ರಣ, ಹದಿನೈದು ದಿನಕ್ಕೊಂದು ಸಂಚಿಕೆ. ಮರುವರ್ಷ ಅದು ಬಳ್ಳಾರಿಗೆ ಹೋಯಿತು. ಆದರೆ ಆ ಪತ್ರಿಕೆಯಲ್ಲಿ ಏನಿತ್ತು ಎಂದು ಯಾರೂ ಹೇಳಲಿಲ್ಲ. ಊರಿನ ವರ್ತಮಾನ ಇತ್ತು, ಸರ್ಕಾರದ ನಿರೂಪಗಳು ಇದ್ದವು, ಬೇರೆ ರಾಜ್ಯಗಳ ಸುದ್ದಿ, ಜತೆಗೆ ಕಥೆ. ಕನ್ನಡದ ಮೊದಲ ಸಂಪಾದಕ ಓದುಗನನ್ನು ಹಿಡಿದದ್ದು ಅವನ ಊರಿನ ಸುದ್ದಿಯಿಂದ. ನಾವು ಮಕ್ಕಳಿಗೆ ಪೇಪರ್ ಕೊಟ್ಟು ಮೊದಲು ಸಂಪಾದಕೀಯ ಓದು ಅನ್ನುತ್ತೇವೆ. ಜಿಲ್ಲಾ ಪುಟದಿಂದ ಶುರು ಮಾಡಬೇಕು.

6 ಜುಲೈ, ಭಾನುವಾರ

ಮೊದಲ ತಂಡ ಬಂತು. ಓದಿರಿ ಎಂದು ನಾನು ಹೇಳಲಿಲ್ಲ. ಮೂರು ಪೇಪರ್ ಮುಂದಿಟ್ಟು, "ಇದರಾಗ ತಪ್ಪು ಹುಡುಕ್ರಿ. ಜಾಸ್ತಿ ಹುಡುಕಿದವ್ರು ಜಾಣರು" ಅಂದೆ. ಪೇಪರಿನಲ್ಲಿ ತಪ್ಪು ಇರಬಹುದು ಎಂಬುದೇ ಅವರಿಗೆ ಹೊಸ ಸುದ್ದಿ. ಅಚ್ಚಾದದ್ದೆಲ್ಲ ಪಠ್ಯಪುಸ್ತಕ ಎಂದುಕೊಂಡ ಮಕ್ಕಳು. ದೊಡ್ಡವರನ್ನು ತಪ್ಪಿನಲ್ಲಿ ಹಿಡಿಯುವ ಅವಕಾಶ ಸಿಕ್ಕಿದ್ದೇ ತಡ, ತಲೆಗೆ ತಲೆ ತಾಗಿಸಿ ಕೂತರು.

ಒತ್ತಕ್ಷರ ಬಿಟ್ಟದ್ದು, ಚಿತ್ರದ ಕೆಳಗೆ ಎಡ ಬಲ ಅದಲು ಬದಲು, ಇಂಥವು ಬೇಗ ಸಿಕ್ಕವು. ಆಮೇಲೆ ಒಬ್ಬಳು ಜಲಾಶಯಗಳ ಮಟ್ಟದ ಪಟ್ಟಿ ಹಿಡಿದು ಬಂದಳು. ಎರಡು ಪೇಪರಿನಲ್ಲಿ ಎರಡು ಅಂಕಿ. "ಯಾವ್ದು ಖರೇ ಅಕ್ಕಾರ?" ಪಟ್ಟಿಯ ತಲೆಬರಹ ಓದಿಸಿದೆ. ಒಂದು ನಿನ್ನೆ ಬೆಳಗಿನದು, ಇನ್ನೊಂದು ಮೊನ್ನೆಯದು. ಎರಡೂ ಖರೇ. ಅಂಕಿಯ ಜತೆ ದಿನ ನೋಡಬೇಕು ಎಂಬುದು ಅವಳಿಗೆ ಅಲ್ಲಿಯೇ ತಿಳಿಯಿತು.

ಅಷ್ಟಕ್ಕೆ ಬಿಡಲಿಲ್ಲ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ, ಸಾಮರ್ಥ್ಯ 105.788 ಟಿಎಂಸಿ ಅಡಿ ಎಂದಿದೆ. ಈ ವರ್ಷ 80 ಟಿಎಂಸಿ ಅಡಿಯಷ್ಟೇ ನಿಲ್ಲಿಸುತ್ತಾರೆ ಎಂದು ಒಳಪುಟದ ಸುದ್ದಿ ಹೇಳುತ್ತದೆ. ಮಳೆ ಇದೆ, ಒಳಹರಿವು ಇದೆ, ಯಾಕೆ ತುಂಬಿಸುವುದಿಲ್ಲ? ಹಳೆಯ ಪೇಪರಿನ ಕಟ್ಟು ತೆಗೆದೆವು. ಕಳೆದ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದ ಸುದ್ದಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂಡಿಸಿದ ಚಿತ್ರ. ನಮ್ಮ ಜಿಲ್ಲೆಯ ಅಂಚಿನಲ್ಲಿ ಹರಿದು ಹೋಗುವ ನದಿಯ ಕಥೆ ಇದು. ಮೊಬೈಲಿನಲ್ಲಿ ಇದೆಲ್ಲ ಸಿಗುವುದಿಲ್ಲ ಅಂತಲ್ಲ, ಸಿಗುತ್ತದೆ. ಆದರೆ ಹದಿನಾಲ್ಕು ವರ್ಷದ ಹುಡುಗಿ ಕ್ರೆಸ್ಟ್ ಗೇಟ್ ಎಂದು ತಾನಾಗಿ ಹುಡುಕುವುದು ಯಾವಾಗ? ಪಕ್ಕದ ಕಾಲಮ್ಮಿನಲ್ಲಿ ಅದು ಬಿದ್ದಿತ್ತು, ಕಣ್ಣಿಗೆ ಹತ್ತಿತು.

13 ಜುಲೈ, ಭಾನುವಾರ

ಕಳೆದ ವಾರದ ಹುಡುಗಿ ಇವತ್ತು ಪುಟದ ಬುಡದಲ್ಲಿದ್ದ ಇರುವೆ ಗಾತ್ರದ ಅಕ್ಷರ ಹಿಡಿದಳು. "ಇಷ್ಟ ಸಣ್ಣದು ಯಾರ್ ಓದ್ತಾರ್ರೀ? ಯಾಕ ಹಾಕ್ಯಾರ?"

ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಅಚ್ಚಾದದ್ದು ಎಲ್ಲಿ, ನೋಂದಣಿ ಸಂಖ್ಯೆ ಏನು. ಈ ಸಾಲು ಪತ್ರಿಕೆಯವರು ಚಂದಕ್ಕೆ ಹಾಕುವುದಲ್ಲ, ಕಾನೂನು ಹಾಕಿಸುತ್ತದೆ. 1867ರಲ್ಲಿ ಬ್ರಿಟಿಷರು ಮಾಡಿದ ಮುದ್ರಣ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆಯಲ್ಲೇ ಇದರ ಬೇರು ಇದೆ. ಆಳುವವರಿಗೆ ಆಗ ಬೇಕಿದ್ದದ್ದು ಬರೆದವನನ್ನು ಹಿಡಿಯುವ ದಾರಿ. ಈಗ 2023ರ ಹೊಸ ಕಾಯ್ದೆ ಬಂದಿದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಕಾಯ್ದೆಯ ಉದ್ದೇಶ ಏನೇ ಇರಲಿ, ಓದುಗನಿಗೆ ಆ ಸಾಲಿನಿಂದ ಒಂದು ಉಪಕಾರವಿದೆ: ತಪ್ಪು ಬರೆದರೆ ಯಾರನ್ನು ಕೇಳಬೇಕು ಎಂದು ಗೊತ್ತಿರುತ್ತದೆ.

ಮೊಬೈಲ್ ತೆಗೆಯಿರಿ ಎಂದೆ. ಮೇ ತಿಂಗಳ ಆಪರೇಷನ್ ಸಿಂಧೂರದ ದಿನಗಳಲ್ಲಿ ಗ್ರೂಪಿಗೆ ಬಂದ ವಿಡಿಯೋಗಳನ್ನು ಹುಡುಕಿಸಿದೆ. ಒಂದಿಷ್ಟು ಇನ್ನೂ ಇದ್ದವು. ಆಗ ವಿಡಿಯೋ ಗೇಮಿನ ದೃಶ್ಯಗಳೇ ಯುದ್ಧದ ದೃಶ್ಯ ಎಂದು ದೇಶದ ತುಂಬ ತಿರುಗಿದವು. ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ದಿನವೂ ಅಲ್ಲಗಳೆಯಬೇಕಾಯಿತು. ಕೆಲವು ಟಿವಿ ಚಾನೆಲ್‌ಗಳೂ ನಡೆಯದ ದಾಳಿಯನ್ನು ನಡೆಯಿತೆಂದು ಕೂಗಿದವು. "ನಿಮ್ಮ ವಿಡಿಯೋದ ಬುಡದಾಗ ಸಂಪಾದಕರ ಹೆಸರು ಎಲ್ಲೈತಿ, ತೋರಿಸ್ರಿ" ಅಂದೆ. ಹುಡುಗರು ಕೆಳಗೆ ಮೇಲೆ ಎಳೆದು ನೋಡಿದರು. ಇದ್ದದ್ದು ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಗುರುತು ಅಷ್ಟೇ.

ಅಲ್ಲಿಗೆ ಪೇಪರ್ ದೇವರಾಗಬಾರದು. ಹಾಗಾಗಿ ಇನ್ನೊಂದು ಪಾಠವನ್ನೂ ಅದೇ ಹೊತ್ತಿನಲ್ಲಿ ಮಾಡಿದೆ. ಸುದ್ದಿಯ ವೇಷದಲ್ಲಿ ಬಂದ ಜಾಹೀರಾತು ಒಂದನ್ನು ಕೊಟ್ಟು ಇದೇನು ಎಂದು ಕೇಳಿದೆ. ಎಲ್ಲರೂ ಸುದ್ದಿ ಅಂದರು. ಮೂಲೆಯಲ್ಲಿ 'ಜಾಹೀರಾತು' ಎಂಬ ಸಣ್ಣ ಪದ ಇತ್ತು. ಆ ಪದವೂ ಇಲ್ಲದೆ ಹಣ ಪಡೆದು ಅಚ್ಚಾಗುವುದಕ್ಕೆ 'ಕಾಸಿಗಾಗಿ ಸುದ್ದಿ' ಎಂಬ ಹೆಸರೇ ಇದೆ, ಅದರ ಬಗ್ಗೆ 2010ರಲ್ಲಿ ಪ್ರೆಸ್ ಕೌನ್ಸಿಲ್ ವರದಿಯನ್ನೇ ಕೊಡಬೇಕಾಯಿತು ಎಂದೂ ಹೇಳಿದೆ. ಹಿರಿಯರೊಬ್ಬರು ಕೇಳಿಸಿಕೊಂಡು, "ಅಲ್ಲವಾ, ಓದಾಕ ಹಚ್ಚೂದು ಬಿಟ್ಟು ಹುಡುಗರ ನಂಬಿಕಿ ಕೆಡಿಸ್ತೀ ಏನು?" ಎಂದು ಗದರಿದರು. ಕುರುಡು ನಂಬಿಕೆಯಿಂದ ಓದಿಸುವುದಾದರೆ ಪೇಪರ್ ಯಾಕೆ, ವಾಟ್ಸ್‌ಆ್ಯಪ್ ಸಾಕು ಅಂತ ನನ್ನ ಅಭಿಪ್ರಾಯ. ಅವರಿಗೆ ಅಷ್ಟು ಒರಟಾಗಿ ಹೇಳಲಿಲ್ಲ, ಚಹಾ ತರಿಸಿದೆ.

2 ಆಗಸ್ಟ್, ಶನಿವಾರ

ಪರೀಕ್ಷೆಗೆ ಓದುವ ಹುಡುಗನ ಜತೆ ವಾದ. ಅವನು ಕಾಗದದ ಪೇಪರ್ ಮುಟ್ಟುವುದಿಲ್ಲ. ಇ-ಪೇಪರ್ ನೋಡುತ್ತಾನೆ, ಇಲ್ಲದಿದ್ದರೆ ಯೂಟ್ಯೂಬಿನಲ್ಲಿ ಮಾಸ್ತರರೊಬ್ಬರು ದಿನವೂ ಪೇಪರ್ ಮುಂದಿಟ್ಟುಕೊಂಡು ಸುದ್ದಿ ವಿವರಿಸುವುದನ್ನು ಕೇಳುತ್ತಾನೆ. "ಇದು ಓದಲ್ಲೇನ್ರಿ ಅಕ್ಕಾರ?"

ಓದೇ. ಅದರಲ್ಲೂ ಆ ಯೂಟ್ಯೂಬ್ ಮಾಸ್ತರರ ಕೆಲಸ ನಮ್ಮೂರಿಗೆ ಹೊಸದಲ್ಲ. ಅಕ್ಷರ ಬಲ್ಲವನೊಬ್ಬ ಚಾವಡಿಯಲ್ಲಿ ಕೂತು ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಹಚ್ಚಿ ಕೇಳುವುದು ನನ್ನ ಅಜ್ಜನ ಕಾಲದ ರೂಢಿ. ಕಾಗದವೇ ಬೇಕು ಎಂಬ ಹಟ ನನಗಿಲ್ಲ. ಹೆಸರಿರುವ ಪತ್ರಿಕೆ, ಪೂರ್ತಿ ಪುಟ, ಇಷ್ಟಿದ್ದರೆ ಪರದೆಯಾದರೂ ಸರಿ. ನನ್ನ ತಕರಾರು ಇರುವುದು ತುಣುಕಿನ ಮೇಲೆ.

ಬ್ಯಾಡಗಿಯ ಉದಾಹರಣೆ ಕೊಟ್ಟೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿಯ ವಿಡಿಯೋ ಇವನ ಹತ್ತಿರ ಈಗಲೂ ಇದೆ. ದರ ಯಾಕೆ ಬಿತ್ತು ಎಂದು ಕೇಳಿದೆ. ಗೊತ್ತಿಲ್ಲ. ಇವರ ಮನೆಯಲ್ಲೂ ಮೆಣಸಿನಕಾಯಿ ಬೆಳೆಯುತ್ತಾರೆ. ಆ ವಾರದ ಪೇಪರುಗಳನ್ನು ತೆಗೆದುಕೊಟ್ಟೆ. ಆವಕ ಎಷ್ಟು, ಯಾವ ತಳಿಗೆ ಎಷ್ಟು ದರ, ಎಲ್ಲಿಯ ರೈತರು ಬಂದಿದ್ದರು, ಟೆಂಡರ್ ಹೇಗೆ ನಡೆಯುತ್ತದೆ ಎಂದು ಪುಟಗಟ್ಟಲೆ ಇದೆ. ಮಧ್ಯಾಹ್ನದವರೆಗೆ ಓದಿದ. ಎದ್ದು ಹೋಗುವಾಗ, "ಇದನ್ನ ನಮ್ಮಪ್ಪಗ ಓದಿ ಹೇಳ್ಬೇಕು" ಅಂದ. ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ ಎಂದು ಅವನಿಗೂ ಗೊತ್ತು.

16 ಆಗಸ್ಟ್, ಶನಿವಾರ

ಪೇಪರ್ ಇಲ್ಲ. ಸ್ವಾತಂತ್ರ್ಯ ದಿನ ಪತ್ರಿಕಾ ಕಚೇರಿಗಳಿಗೆ ರಜೆ, ಹಾಗಾಗಿ ಮರುದಿನ ಸಂಚಿಕೆ ಇರುವುದಿಲ್ಲ. ಹಿರಿಯರು ಗೊತ್ತಿದ್ದೂ ಬಂದು ಮೇಜು ನೋಡಿ ಹೋದರು. ಒಂಬತ್ತನೆಯ ತರಗತಿಯವರಲ್ಲಿ ಇಬ್ಬರು ಬಂದು "ಯಾಕ ಬಂದಿಲ್ರಿ?" ಎಂದು ಕೇಳಿದರು. ಜೂನ್ ತಿಂಗಳಲ್ಲಿ ಪೇಪರ್ ಬಂದರೂ ಬಾರದಿದ್ದರೂ ಇವರಿಗೆ ಏನೂ ಆಗುತ್ತಿರಲಿಲ್ಲ.

22 ಆಗಸ್ಟ್, ಶುಕ್ರವಾರ

ಒಂಬತ್ತನೆಯ ತರಗತಿ ಹುಡುಗಿಯರ ಪತ್ರ ಪೇಪರಿನಲ್ಲಿ ಪ್ರಕಟವಾಗಿದೆ. ಹೈಸ್ಕೂಲಿನಿಂದ ಊರೊಳಗೆ ಬರುವ ದಾರಿಯಲ್ಲಿ ಬೀದಿದೀಪ ಕೆಟ್ಟು ತಿಂಗಳುಗಳಾದವು. ಸಂಜೆ ವಿಶೇಷ ತರಗತಿ ಮುಗಿಸಿ ಬರುವಾಗ ಕತ್ತಲು. ಅದನ್ನು ಓದುಗರ ಪತ್ರ ವಿಭಾಗಕ್ಕೆ ಬರೆದಿದ್ದರು. ಎರಡು ಪುಟ ಬರೆದಿದ್ದರು, ಅಚ್ಚಾದದ್ದು ಏಳೆಂಟು ಸಾಲು. ಮೊದಲು ಸಿಟ್ಟು. "ನಮ್ಮ ಚಲೋ ಚಲೋ ಸಾಲೆಲ್ಲಾ ತೆಗದಾರ." ಮೂಲ ಪತ್ರವನ್ನೂ ಅಚ್ಚಾದದ್ದನ್ನೂ ಪಕ್ಕ ಪಕ್ಕ ಇಟ್ಟು ಓದಿಸಿದೆ. ತೆಗೆದದ್ದು ಭಾರತ ಮಾತೆ, ಮಹಿಳಾ ಸಬಲೀಕರಣ, ಕವಿತೆಯಂತಹ ಎರಡು ವಾಕ್ಯ. ಉಳಿದದ್ದು ದಾರಿ ಯಾವುದು, ದೀಪ ಎಷ್ಟು, ಎಂದಿನಿಂದ ಇಲ್ಲ, ಯಾರಿಗೆ ತೊಂದರೆ. ವರ್ಷವಿಡೀ ಪ್ರಬಂಧ ಬರೆಸಿದರೂ ಕಲಿಯದ್ದನ್ನು ಆ ಸಂಪಾದಕರ ಕತ್ತರಿ ಒಂದು ದಿನದಲ್ಲಿ ಕಲಿಸಿತು.

ಆಮೇಲೆ ಕೂಗು ಎದ್ದಿತು: ನಮ್ಮೂರಿನ ಹೆಸರಿನಲ್ಲಿ ಒಂದಕ್ಷರ ತಪ್ಪು! ಜುಲೈಯಿಂದ ತಪ್ಪು ಹುಡುಕಿ ಪಳಗಿದ ಕಣ್ಣು ಬಿಡುತ್ತದೆಯೇ. ಕೂತಲ್ಲೇ ಸಂಪಾದಕರಿಗೆ ಇನ್ನೊಂದು ಪತ್ರ ಬರೆದರು. ಈ ಸಲ ನಾಲ್ಕೇ ಸಾಲು.

ಪಂಚಾಯಿತಿ ಸದಸ್ಯರೊಬ್ಬರು ಮಧ್ಯಾಹ್ನ ಬಂದು, ಹುಡುಗಿಯರಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಿದ್ದಾರೆ ಎಂದು ನಗುತ್ತಲೇ ವಿಚಾರಿಸಿದರು. ಓದುವ ಬೆಳಕು ಸರ್ಕಾರದ್ದೇ ಕಾರ್ಯಕ್ರಮ ಎಂದೆ.

4 ಸೆಪ್ಟೆಂಬರ್, ಗುರುವಾರ

ಪತ್ರಿಕಾ ವಿತರಕರ ದಿನವಂತೆ. ನಮಗೆ ಪೇಪರ್ ತರುವ ಹುಡುಗನಿಗೆ ಅದು ಗೊತ್ತಿರಲಿಲ್ಲ. ದ್ವಿತೀಯ ಪಿಯುಸಿ. ನಸುಕಿನಲ್ಲಿ ಎದ್ದು ಬಸ್ ನಿಲ್ದಾಣದಲ್ಲಿ ಕಟ್ಟು ಇಳಿಸಿಕೊಂಡು, ಪುರವಣಿ ಸೇರಿಸಿ, ಸೈಕಲ್ ಮೇಲೆ ಮೂರು ಊರು ಸುತ್ತಿ ಕಾಲೇಜಿಗೆ ಹೋಗುತ್ತಾನೆ. ಅಬ್ದುಲ್ ಕಲಾಂ ಹುಡುಗನಾಗಿದ್ದಾಗ ಇದೇ ಕೆಲಸ ಮಾಡಿದ್ದರು ಎಂದು ಹೇಳಿದೆ. ಎರಡನೆಯ ಮಹಾಯುದ್ಧದ ಕಾಲ. ರಾಮೇಶ್ವರದಲ್ಲಿ ರೈಲು ನಿಲ್ಲುವುದು ರದ್ದಾಗಿ, ಓಡುವ ರೈಲಿನಿಂದ ಎಸೆದ ಕಟ್ಟುಗಳನ್ನು ಹಿಡಿಯಲು ಅವರ ಅಣ್ಣನ ವರಸೆಯವರಿಗೆ ಒಬ್ಬ ಸಹಾಯಕ ಬೇಕಾಗಿತ್ತು. ಹುಡುಗ ಕೇಳಿ, "ಅವ್ರಿಗೆ ಓದಾಕ ಟೈಮ್ ಸಿಗ್ತಿತ್ತೇನ್ರಿ?" ಅಂದ. ಇವನು ಮಡಚುವಾಗ ಕಂಡ ಹೆಡ್ಡಿಂಗ್ ಅಷ್ಟೇ ಓದುವುದು.

ಅವನು ಹೇಳಿದ ಇನ್ನೊಂದು ಮಾತು ಬರೆದಿಡಬೇಕು. ಕೊರೊನಾದಲ್ಲಿ ಸೋಂಕು ತಗಲುತ್ತದೆಂದು ಪೇಪರ್ ಬಿಡಿಸಿದ ಮನೆಗಳಲ್ಲಿ ಬಹಳಷ್ಟು ಮರಳಿ ಹಾಕಿಸಲೇ ಇಲ್ಲವಂತೆ. ಅವನಿಗೆ ಇದನ್ನು ಹೇಳಿದ್ದು ಏಜೆಂಟರು. ಮಕ್ಕಳನ್ನು ದೂರುವಾಗ ಈ ಲೆಕ್ಕ ಯಾರೂ ಹಿಡಿಯುವುದಿಲ್ಲ. ಈಗ ಹೈಸ್ಕೂಲಿನಲ್ಲಿರುವವರು ಆಗ ಮೂರು ನಾಲ್ಕನೆಯ ತರಗತಿ. ಕನ್ನಡ ಸರಾಗವಾಗಿ ಓದಲು ಬಂದ ವಯಸ್ಸಿನಲ್ಲೇ ಮನೆಯಿಂದ ಪೇಪರ್ ಮಾಯ, ಅದೇ ವರ್ಷ ಆನ್‌ಲೈನ್ ಪಾಠಕ್ಕೆಂದು ಕೈಗೆ ಮೊಬೈಲ್. ಕೊಟ್ಟವರು ನಾವೇ.

7 ಸೆಪ್ಟೆಂಬರ್, ಭಾನುವಾರ

ತಿದ್ದುಪಡಿ ಬಂದಿದೆ. ಎರಡೇ ಸಾಲು, ಮೂಲೆಯಲ್ಲಿ. ಊರ ಹೆಸರು ಈಗ ಸರಿಯಾಗಿದೆ. ಪತ್ರ ಅಚ್ಚಾದ ದಿನಕ್ಕಿಂತ ಹುಡುಗಿಯರ ಸಡಗರ ಇವತ್ತು ಹೆಚ್ಚು. ದೊಡ್ಡ ಪತ್ರಿಕೆಯೊಂದು ನಮ್ಮ ಮಾತಿಗೆ ತಲೆಬಾಗಿ ತಪ್ಪು ಒಪ್ಪಿತಲ್ಲ! ಬೀದಿದೀಪ ಇನ್ನೂ ಹತ್ತಿಲ್ಲ. ಎರಡೂ ತುಣುಕು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಮಕ್ಕಳ ಗ್ರಾಮಸಭೆಗೆ ಒಯ್ಯುತ್ತಾರಂತೆ.

ಹೆಡ್ ಮಾಸ್ತರರು ಐದು ಹೆಡ್ಡಿಂಗಿನ ನೋಟ್‌ಬುಕ್ ನಿಲ್ಲಿಸಿದ್ದಾರೆ. ಅದರ ಬದಲು ವಾರಕ್ಕೊಂದು ದಿನ, ಒಂದೇ ಸುದ್ದಿಯನ್ನು ಎರಡು ಪೇಪರಿನಲ್ಲಿ ಓದಿ ವ್ಯತ್ಯಾಸ ಹೇಳುವುದು. ಎಲ್ಲ ಮಕ್ಕಳೂ ಓದುಗರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಕಳಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತ್ತೆ ಬರಲಿಲ್ಲ. ಬರುವವರು ಮಾತ್ರ ಹೇಳದೆಯೇ ಬರುತ್ತಾರೆ.

ಮುಂದಿನ ಶನಿವಾರ ಪಾಲಕರ ಸಭೆಯಲ್ಲಿ ಮಾತಾಡು ಎಂದಿದ್ದಾರೆ. ಏನು ಹೇಳಬೇಕೆಂದು ಇಲ್ಲಿ ಬರೆದಿಡುತ್ತೇನೆ.

ಮಗ ಪೇಪರ್ ಓದಲಿ ಎಂದು ಬಯಸುವ ಮನೆಯಲ್ಲಿ ಮೊದಲು ಪೇಪರ್ ಇರಬೇಕು. ಕನ್ನಡ ಪತ್ರಿಕೆಯೊಂದರ ತಿಂಗಳ ಬಿಲ್ಲು ಒಂದು ಮೊಬೈಲಿನ ತಿಂಗಳ ರೀಚಾರ್ಜಿಗಿಂತ ಕಡಿಮೆ. ಅದೂ ಆಗದವರಿಗೆ ಅರಿವು ಕೇಂದ್ರ, ಅಂದರೆ ನಮ್ಮ ಈ ಗ್ರಂಥಾಲಯ, ಇದೆ, ಒಂದು ರೂಪಾಯಿ ಖರ್ಚಿಲ್ಲ. ಮನೆಗೆ ಬಂದ ಪೇಪರನ್ನು ಅಪ್ಪ ಅವ್ವ ಓದಬೇಕು, ಓದಿ ಮಕ್ಕಳ ಎದುರು ಅದರ ಬಗ್ಗೆ ಮಾತಾಡಬೇಕು, ಮಗ ಎದುರು ಮಾತಾಡಿದರೆ ಗದರಿಸಬಾರದು. ಇದರಲ್ಲಿ ಬರೆದದ್ದು ಸರಿಯೇ ಎಂದು ಅವನನ್ನು ಕೇಳಬೇಕು. ಪರೀಕ್ಷೆಗೆ ಬೇಕಾಗುತ್ತದೆ ಎಂಬ ಆಸೆ ತೋರಿಸಬಾರದು. ಪರೀಕ್ಷೆ ಮುಗಿಯುತ್ತದೆ, ಓದೂ ಮುಗಿಯುತ್ತದೆ.

ಮಕ್ಕಳು ಪತ್ರಿಕೆ ಓದುವುದಿಲ್ಲ ಎಂದು ದೂರುವ ಹಕ್ಕು ಮನೆಗೆ ಪೇಪರ್ ತರಿಸುವವರಿಗೆ, ತರಿಸಿದ್ದನ್ನು ಮಕ್ಕಳ ಕೂಡ ಕೂತು ಓದುವವರಿಗೆ ಮಾತ್ರ ಇದೆ. ಉಳಿದವರು ನಾಳೆಯೇ ಏಜೆಂಟರಿಗೆ ಹೇಳಿ ಕಳಿಸಲಿ.